ಓಪನ್‌ಟಿಟಿಡಿ: ಎರಡನೇ ರೈಲು ಇಳಿಸಿದ ಕೂಡಲೇ ಮಾರ್ಗ ಕಟ್ಟಿಕೊಳ್ಳದಂತೆ ಆಡುವುದು ಹೇಗೆ?

ಓಪನ್‌ಟಿಟಿಡಿ ಸಾರಿಗೆ ಕಂಪನಿ ಕಟ್ಟಿ ನಡೆಸುವ ಕಂಪ್ಯೂಟರ್ ಆಟ. ಅದನ್ನು ಶುರು ಮಾಡಿದವರಲ್ಲಿ ಹೆಚ್ಚಿನವರು ಸೋಲುವುದು ಒಂದೇ ಜಾಗದಲ್ಲಿ. ಮೊದಲ ರೈಲು ಸಲೀಸಾಗಿ ಓಡುತ್ತದೆ. ಎರಡನೆಯದನ್ನು ಇಳಿಸಿದ ಕೂಡಲೇ ಎರಡೂ ಮುಖಾಮುಖಿ ನಿಲ್ಲುತ್ತವೆ. ಗಾಬರಿಯಿಂದ ಸಿಗ್ನಲ್ ಹಾಕುತ್ತಾರೆ, ಮೂರನೆಯದು ನಿಲ್ಲುತ್ತದೆ. ಇನ್ನೂ ನಾಲ್ಕು ಸಿಗ್ನಲ್ ಹಾಕಿದರೆ ಇಡೀ ಮಾರ್ಗವೇ ನಿಲ್ಲುತ್ತದೆ. ಅಷ್ಟರಲ್ಲಿ ಸಾಲ ಏರಿರುತ್ತದೆ, ಊರುಗಳು ಬೆಳೆದಿರುವುದಿಲ್ಲ, ಆಟ ಅಲ್ಲಿಗೇ ಮುಚ್ಚಿಹೋಗುತ್ತದೆ.

ಇದಕ್ಕೆಲ್ಲ ಮದ್ದು ಒಂದೇ ನಿಯಮ: ರೈಲು ನಿಂತರೂ ಬೇರೆ ಯಾವ ರೈಲಿಗೂ ಅಡ್ಡಿಯಾಗದ ಜಾಗದಲ್ಲಿ ಮಾತ್ರ ಸಿಗ್ನಲ್ ಇರಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ರೈಲು ಕೊಳ್ಳುವುದು ಏಳನೇ ಹಂತದಲ್ಲಿ, ಅದಕ್ಕೂ ಮೊದಲು ಬೇಡ.

## 1. ಹೊಸ ಆಟದ ಸೆಟ್ಟಿಂಗ್

ಭೂಪ್ರದೇಶ ಟೆಂಪರೇಟ್ ಇರಲಿ, ನಕ್ಷೆ 256×256 ಚೌಕ (ಆಟದ ನೆಲವೆಲ್ಲ ಚೌಕಗಳಾಗಿ ಹಂಚಿರುತ್ತದೆ), ನೆಲ ಫ್ಲಾಟ್ ಅಥವಾ ವೆರಿ ಫ್ಲಾಟ್. ಗುಡ್ಡಗಾಡಿನ ನಕ್ಷೆ ನೋಡಲು ಚೆಂದ, ಆದರೆ ತುಂಬಿದ ರೈಲು ಏರಿನಲ್ಲಿ ತೆವಳುವಾಗ ತಪ್ಪು ಸಿಗ್ನಲ್ಲಿನದೋ ಇಳಿಜಾರಿನದೋ ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಆರಂಭದ ವರ್ಷ 1950 ಎಂದೇ ಬಿಡಿ.

ಮೊದಲ ಆಟಕ್ಕೆ ಬ್ರೇಕ್‌ಡೌನ್ ಮತ್ತು ಇನ್‌ಫ್ಲೇಷನ್ (ಗಾಡಿ ಕೆಡುವುದು, ಬೆಲೆ ಏರುವುದು) ಎರಡನ್ನೂ ಆಫ್ ಮಾಡಿ. ಕಾರ್ಗೋ ಡಿಸ್ಟ್ರಿಬ್ಯೂಷನ್ ಮ್ಯಾನುಯಲ್ ಆಗಿಯೇ ಇರಲಿ. ಅದನ್ನು ಬದಲಿಸಿದರೆ ಪ್ರತಿ ಪ್ರಯಾಣಿಕನೂ ಇಂಥದ್ದೇ ನಿಲ್ದಾಣಕ್ಕೆ ಹೋಗಬೇಕೆಂದು ಕಾಯುತ್ತಾನೆ, ಜಾಲ ಚಿಕ್ಕದಿದ್ದಾಗ ಅದು ಬರೀ ತಲೆನೋವು.

ಮರೆಯದೆ ಮಾಡಬೇಕಾದ್ದು ಇನ್ನೊಂದಿದೆ. ಹಳಿಯ ಮೇಲೆ ರೈಲು ಕಾಯ್ದಿರಿಸಿದ ದಾರಿಯನ್ನು ತೋರಿಸುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಹುಡುಕಿ ಆನ್ ಮಾಡಿ. ‘ರಿಸರ್ವೇಷನ್’ ಎಂದು ಟೈಪ್ ಮಾಡಿದರೆ ಸಿಗುತ್ತದೆ. ಆಗ ಯಾವ ರೈಲು ಎಲ್ಲಿಯವರೆಗೆ ದಾರಿ ಹಿಡಿದಿದೆ ಎಂಬುದು ಹಳಿಯ ಗಾಢ ಬಣ್ಣದಿಂದ ಗೊತ್ತಾಗುತ್ತದೆ. ಇದಿಲ್ಲದೆ ಸಿಗ್ನಲ್ ಸರಿಪಡಿಸಲು ಹೋಗುವುದೆಂದರೆ ಕತ್ತಲೆಯಲ್ಲಿ ತಡಕಾಡಿದಂತೆ.

## 2. ಗಣಿ ಮತ್ತು ವಿದ್ಯುತ್ ಸ್ಥಾವರದ ಜೋಡಿ

ಮೊದಲ ಮಾರ್ಗಕ್ಕೆ ಕಲ್ಲಿದ್ದಲೇ ಸರಿ. ಗಣಿಯಿಂದ ಒಯ್ದು ಸ್ಥಾವರಕ್ಕೆ ಸುರಿದರೆ ಮುಗಿಯಿತು, ನಡುವೆ ಕಾರ್ಖಾನೆಯ ಸರಪಳಿ ಇಲ್ಲ. ತಿಂಗಳಿಗೆ 100 ಟನ್‌ಗಿಂತ ಹೆಚ್ಚು ಉತ್ಪಾದಿಸುವ ಗಣಿಯನ್ನೂ ಅದರಿಂದ 60ರಿಂದ 100 ಚೌಕ ದೂರದ ಸ್ಥಾವರವನ್ನೂ ಆರಿಸಿ.

ದೂರ ಲೆಕ್ಕವಾಗುವುದು ನೇರ ಗೆರೆಯಲ್ಲಲ್ಲ. ಒಂದು ದಿಕ್ಕಿನಲ್ಲಿ ಎಷ್ಟು ಚೌಕ, ಇನ್ನೊಂದು ದಿಕ್ಕಿನಲ್ಲಿ ಎಷ್ಟು ಚೌಕ ಎಂದು ಕೂಡಬೇಕು. ಹಣ ಬರುವುದು ಎರಡು ನಿಲ್ದಾಣಗಳ ನಡುವಿನ ಈ ದೂರಕ್ಕೆ, ನೀವು ಹಾಕಿದ ಹಳಿಯ ಉದ್ದಕ್ಕಲ್ಲ. ಆದ್ದರಿಂದ ಸುತ್ತಿಬಳಸಿ ಹಳಿ ಹಾಕಿದರೆ ಖರ್ಚೂ ಸಮಯವೂ ದಂಡ.

20 ಚೌಕದ ಅಂತರದಲ್ಲೇ ಜೋಡಿ ಸಿಕ್ಕಿತೆಂದು ಹಿಗ್ಗುವುದು ತೀರಾ ಸಾಮಾನ್ಯ ತಪ್ಪು. ಅಷ್ಟು ಹತ್ತಿರದ ಮಾರ್ಗದಲ್ಲಿ ರೈಲು ಓಡುವುದಕ್ಕಿಂತ ತುಂಬಲು, ಇಳಿಸಲು ನಿಲ್ಲುವುದೇ ಹೆಚ್ಚು. ಕಲ್ಲಿದ್ದಲಿಗೆ ಸುಮಾರು 17 ದಿನದವರೆಗೆ ತಡದ ಕಡಿತವೇ ಇಲ್ಲ, ಆಮೇಲೂ ಕಡಿತ ಬಹಳ ನಿಧಾನ. ಹಾಗಾಗಿ ದೂರ ಹೆಚ್ಚಿದಷ್ಟೂ ಲಾಭವೇ. ಪ್ರಯಾಣಿಕರ ವಿಷಯ ಹೀಗಲ್ಲ, ಅವರ ದರ ಮೊದಲ ದಿನದಿಂದಲೇ ಇಳಿಯತೊಡಗುತ್ತದೆ.

ಆಟ 1,00,000 ಪೌಂಡ್ ಸಾಲದೊಂದಿಗೆ ಶುರುವಾಗುತ್ತದೆ, ಮಿತಿ 3,00,000. ಪೂರ್ತಿ ತೆಗೆದುಕೊಳ್ಳಿ. ಬಡ್ಡಿ ಶೇ. 2, ಅಂದರೆ ವರ್ಷಕ್ಕೆ 6,000 ಪೌಂಡ್ ಅಷ್ಟೆ. ದುಡ್ಡು ಉಳಿಸಲು ಒಂಟಿ ಹಳಿ ಹಾಕಿ ಆಮೇಲೆ ಒಡೆದು ಕಟ್ಟುವುದಕ್ಕೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಯಾವುದನ್ನೇ ಕಟ್ಟುವ ಮುನ್ನ ಶಿಫ್ಟ್ ಒತ್ತಿ ಹಿಡಿದು ಎಳೆದರೆ ಕಟ್ಟದೆಯೇ ಅಂದಾಜು ಖರ್ಚು ತೋರಿಸುತ್ತದೆ.

## 3. ಎರಡು ತುದಿಯ ನಿಲ್ದಾಣ

ಎರಡೂ ಕಡೆ 2 ಪ್ಲಾಟ್‌ಫಾರ್ಮ್, 5 ಚೌಕ ಉದ್ದ. ರೈಲು ನಿಲ್ದಾಣದ ವ್ಯಾಪ್ತಿ 4 ಚೌಕ, ಗಣಿಯ ಒಂದು ಮೂಲೆ ಅದರೊಳಗೆ ಬಿದ್ದರೂ ಸಾಕು. ನಿಲ್ದಾಣ ಇಡುವಾಗ ಕಿಟಕಿಯ ಕೆಳಗೆ ಎರಡು ಸಾಲು ಬರುತ್ತದೆ: ಇಲ್ಲಿ ಏನು ಸಿಗುತ್ತದೆ, ಏನನ್ನು ತೆಗೆದುಕೊಳ್ಳುತ್ತಾರೆ. ಗಣಿ ಕಡೆ ‘ಸಪ್ಲೈಸ್’ನಲ್ಲಿ ಕಲ್ಲಿದ್ದಲು, ಸ್ಥಾವರದ ಕಡೆ ‘ಆಕ್ಸೆಪ್ಟ್ಸ್’ನಲ್ಲಿ ಕಲ್ಲಿದ್ದಲು ಕಾಣಲೇಬೇಕು. ಸ್ಥಾವರದ ಕಡೆ ಕಾಣದಿದ್ದರೆ ರೈಲು ತುಂಬಿಕೊಂಡು ಬಂದ ಕಲ್ಲಿದ್ದಲನ್ನು ಹಾಗೆಯೇ ಗಣಿಗೆ ವಾಪಸ್ ಒಯ್ಯುತ್ತದೆ.

ನಿಲ್ದಾಣದ ಬಾಯಿ, ಅಂದರೆ ಹಳಿ ಸೇರುವ ತುದಿ, ಮಾರ್ಗ ಹೋಗುವ ದಿಕ್ಕಿಗೇ ಇರಲಿ. ಬಾಯಿಯ ಮುಂದೆ ಕನಿಷ್ಠ 10 ಚೌಕ ನೇರ, ಸಮತಟ್ಟು ಜಾಗ ಬಿಡಿ. ಐದನೇ ಹಂತ ನಿಂತಿರುವುದೇ ಈ 10 ಚೌಕದ ಮೇಲೆ.

## 4. ಜೋಡಿ ಹಳಿ

‘ಎ’ ಕೀ ಒತ್ತಿದರೆ ಆಟೋರೈಲ್ ಸಿಗುತ್ತದೆ, ಎಳೆದ ದಿಕ್ಕಿಗೆ ಹಳಿ ಹಾಕುತ್ತಾ ಹೋಗುತ್ತದೆ. ತೆಗೆಯಲು ‘ಆರ್’. ಎರಡು ಹಳಿಗಳನ್ನು ಅಕ್ಕಪಕ್ಕ ಹಾಕಿ, ಒಂದು ಹೋಗಲು, ಒಂದು ಬರಲು. ಭಾರತೀಯ ರೈಲಿನ ಹಾಗೆ ಎಡಗಡೆಯ ಓಟ ಇಟ್ಟುಕೊಂಡರೆ ನೆನಪಿಡುವುದು ಸುಲಭ. ಯಾವುದಾದರೂ ಸರಿ, ಆಟದುದ್ದಕ್ಕೂ ಅದನ್ನೇ ಪಾಲಿಸಿ.

ತಿರುವುಗಳ ನಡುವೆ ಅಂತರವಿರಲಿ. ಎರಡು ತಿರುವು ಒತ್ತೊತ್ತಾಗಿ ಬಂದರೆ ಉದ್ದದ ರೈಲು ವೇಗ ಕಳೆದುಕೊಳ್ಳುತ್ತದೆ. ಸೇತುವೆ, ಸುರಂಗಗಳ ಒಳಗೆ ಸಿಗ್ನಲ್ ಹಾಕಲು ಬರುವುದಿಲ್ಲ. ಹಾಗಾಗಿ 15 ಚೌಕದ ಸೇತುವೆಯ ಮೇಲೆ ಒಂದು ಹಳಿಗೆ ಒಮ್ಮೆಗೆ ಒಂದೇ ರೈಲು. ಮುಂದೆ ರೈಲುಗಳು ಹೆಚ್ಚಾದಾಗ ಸಾಲು ಬೆಳೆಯುವುದು ಇಂಥ ಕಡೆಯೇ. ಚಿಕ್ಕ ಸೇತುವೆಯಾದರೆ ಚಿಂತೆಯಿಲ್ಲ.

## 5. ನಿಲ್ದಾಣದ ಬಾಯಿಯ ಸಿಗ್ನಲ್

ಹತ್ತರಲ್ಲಿ ಒಂಬತ್ತು ಮಾರ್ಗ ಕಟ್ಟಿಕೊಳ್ಳುವುದು ಇಲ್ಲಿಯೇ, ಆದ್ದರಿಂದ ಚೌಕ ಚೌಕವಾಗಿ ನೋಡೋಣ. ಪ್ಲಾಟ್‌ಫಾರ್ಮ್ ಮುಗಿದ ಕೂಡಲೇ ಬರುವ ಚೌಕವನ್ನು 1 ಎಂದು ಕರೆದು ಹೊರಗಡೆಗೆ ಎಣಿಸುತ್ತಾ ಹೋಗಿ.

ಚೌಕ 1. ಎರಡು ಪ್ಲಾಟ್‌ಫಾರ್ಮಿಗೂ ಒಂದೊಂದು ಸಾಮಾನ್ಯ ಪಾತ್ ಸಿಗ್ನಲ್ (ಮುಂದಿನ ದಾರಿ ಕಾಯ್ದಿರಿಸಲು ಆದಾಗ ಮಾತ್ರ ರೈಲನ್ನು ಬಿಡುವ ಸಿಗ್ನಲ್), ನಿಲ್ದಾಣದಿಂದ ಹೊರಡುವ ರೈಲಿಗೆ ಮುಖಮಾಡಿ. ಒನ್‌ವೇ ಪಾತ್ ಸಿಗ್ನಲ್ ಇಲ್ಲಿ ಹಾಕಲೇಬಾರದು. ಸಾಮಾನ್ಯ ಪಾತ್ ಸಿಗ್ನಲ್ಲನ್ನು ಹಿಂಬದಿಯಿಂದ ದಾಟಿ ರೈಲು ಒಳಬರಬಹುದು, ಒನ್‌ವೇ ಆದರೆ ಬರಲಾಗದು. ನಿಲ್ದಾಣ ಖಾಲಿಯಿದ್ದರೂ ರೈಲು ಹೊರಗೇ ನಿಂತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಈ ಎರಡು ಸಿಗ್ನಲ್ ಇಲ್ಲದೆಯೂ ಎರಡು ಪ್ಲಾಟ್‌ಫಾರ್ಮಿನ ನಿಲ್ದಾಣ ನಡೆಯುತ್ತದೆ. ಆದರೆ ಇದ್ದರೆ ಯಾವ ರೈಲು ಏಕೆ ಕಾಯುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಹಾಕುವುದೇ ಒಳ್ಳೆಯದು.

ಚೌಕ 2 ಮತ್ತು 3. ಎರಡೂ ಹಳಿಗಳನ್ನು ಕತ್ತರಿಯಾಕಾರದಲ್ಲಿ ಕೂಡಿಸುವ ಜಾಗ. 2ರಲ್ಲಿ ಒಂದು ಕಡೆಯಿಂದ ದಾಟು, 3ರಲ್ಲಿ ಇನ್ನೊಂದು ಕಡೆಯಿಂದ ದಾಟು. ಎರಡನ್ನೂ ಒಂದೇ ಚೌಕದಲ್ಲಿ ತುರುಕಬೇಡಿ, ರೈಲು ಲಂಬಕೋನದಲ್ಲಿ ತಿರುಗುವ ದಾರಿ ಹುಟ್ಟಿಕೊಳ್ಳುತ್ತದೆ. ಒಳಬರುವ ರೈಲು ಇಲ್ಲಿಂದ ಯಾವ ಪ್ಲಾಟ್‌ಫಾರ್ಮಿಗಾದರೂ ಹೋಗುವಂತಿರಬೇಕು, ಎರಡೂ ಪ್ಲಾಟ್‌ಫಾರ್ಮಿನಿಂದ ಹೊರಹೋಗುವ ಹಳಿ ಸಿಗುವಂತಿರಬೇಕು. ಹೊಸಬರು ಒಂದೇ ದಾಟು ಹಾಕಿ ಬಿಡುತ್ತಾರೆ. ಆಗ ಒಂದು ಪ್ಲಾಟ್‌ಫಾರ್ಮಿನಿಂದ ಹೊರಟ ರೈಲು ಬರುವ ಹಳಿಯ ಮೇಲೇ ಹೊರಡಲು ನೋಡುತ್ತದೆ.

ಚೌಕ 4, ಬರುವ ಹಳಿ. ಇಲ್ಲಿ ಒನ್‌ವೇ ಪಾತ್ ಸಿಗ್ನಲ್, ಒಳಬರುವ ರೈಲಿಗೆ ಮುಖಮಾಡಿ. ಎರಡೂ ಪ್ಲಾಟ್‌ಫಾರ್ಮ್ ತುಂಬಿದ್ದರೆ ಮೂರನೇ ರೈಲು ಇಲ್ಲಿ ಕಾಯುತ್ತದೆ. ಅದರ ಹಿಂದೆ ಬರೀ ಬರುವ ಹಳಿ ಇದೆ, ಅದು ನಿಂತರೆ ಹೊರಹೋಗುವ ಯಾರಿಗೂ ತೊಂದರೆಯಿಲ್ಲ.

ಚೌಕ 4ರಿಂದ 8, ಹೋಗುವ ಹಳಿ. ಇಲ್ಲಿ ಏನೂ ಇರಬಾರದು. ಮೊದಲ ಸಿಗ್ನಲ್ 9ನೇ ಚೌಕದಲ್ಲಿ, ಅದೂ ಒನ್‌ವೇ.

ಈ ಖಾಲಿ ಐದು ಚೌಕ ಏಕೆಂದು ನೋಡಿ. 5 ಚೌಕದ ರೈಲು ಹೊರಟಿದೆ, ನೀವು ಅಂದಕ್ಕೆಂದು 5ನೇ ಚೌಕದಲ್ಲಿ ಸಿಗ್ನಲ್ ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಮುಂದೆ ಇನ್ನೊಂದು ರೈಲು ಇದ್ದುದರಿಂದ ಇದು 5ನೇ ಚೌಕದಲ್ಲಿ ನಿಂತಿತು. ಎಂಜಿನ್ ಸಿಗ್ನಲ್ಲಿನ ಬುಡದಲ್ಲಿದೆ, ಬಾಲ ಕತ್ತರಿಯ ಮೇಲೆ ಮಲಗಿದೆ. ಈಗ ಒಳಬರುವ ರೈಲಿಗೆ ಕತ್ತರಿ ದಾಟಲಾಗದು. ಅದು ನಿಂತಿತು, ಅದರ ಹಿಂದಿನದು ನಿಂತಿತು. ಆ ಸಾಲು ಬೆಳೆದು ಸ್ಥಾವರದ ನಿಲ್ದಾಣದ ಬಾಯಿಯವರೆಗೆ ಬಂದರೆ ಅಲ್ಲಿಂದ ಯಾರೂ ಹೊರಡಲಾರರು. ಮೊದಲ ರೈಲು ಕಾಯುತ್ತಿದ್ದುದು ಅಂಥದ್ದೇ ಒಂದಕ್ಕಾಗಿ ಆಗಿದ್ದರೆ ಸುತ್ತು ಪೂರ್ತಿಯಾಯಿತು, ಇನ್ನು ಯಾವುದೂ ಅಲುಗುವುದಿಲ್ಲ. ಒಂದೇ ಒಂದು ಸಿಗ್ನಲ್ ನಾಲ್ಕು ಚೌಕ ಮುಂಚೆ ಬಂದದ್ದಕ್ಕೆ ಇಷ್ಟೆಲ್ಲ.

ಉಳಿದ ಮಾರ್ಗದ ಕೆಲಸ ಬೇಗ ಮುಗಿಯುತ್ತದೆ. ಸಿಗ್ನಲ್ ಕಿಟಕಿಯಲ್ಲಿ ಅಂತರವನ್ನು 5ಕ್ಕೆ ಇಡಿ. 9ನೇ ಚೌಕದ ಸಿಗ್ನಲ್ ಮೇಲಿಂದ ಹಿಡಿದು ಮಾರ್ಗದುದ್ದಕ್ಕೂ ಎಳೆಯಿರಿ, ಅದೇ ಬಗೆಯ, ಅದೇ ದಿಕ್ಕಿನ ಸಿಗ್ನಲ್‌ಗಳು ಸಾಲಾಗಿ ಬರುತ್ತವೆ. ಕಂಟ್ರೋಲ್ ಒತ್ತಿ ಎಳೆದರೆ ಮುಂದಿನ ಜಂಕ್ಷನ್‌ವರೆಗೆ ತಾನಾಗಿ ಹಾಕುತ್ತದೆ. ಎಳೆದ ಮೇಲೆ ಎರಡೂ ಹಳಿಗಳ ಮೇಲೆ ಕಣ್ಣಾಡಿಸಿ, ಒಂದೇ ಒಂದು ಸಿಗ್ನಲ್ ತಿರುಗಿ ನಿಂತಿದ್ದರೂ ರೈಲು ಅಲ್ಲಿಂದ ಮುಂದೆ ಹೋಗದು. ತಪ್ಪಿದ್ದರೆ ಅದರ ಮೇಲೆ ಮತ್ತೆ ಕ್ಲಿಕ್ ಮಾಡುತ್ತಾ ದಿಕ್ಕು ಬದಲಿಸಿ.

ಮಾರ್ಗದ ನಡುವೆ ಕವಲು ಬಂದರೂ ಇದೇ ಲೆಕ್ಕ: ಕವಲಿಗೆ ಮುಂಚೆ ಸಿಗ್ನಲ್, ಕವಲು ದಾಟಿ ಒಂದು ರೈಲಿನುದ್ದ ಖಾಲಿ, ಆಮೇಲೆ ಮತ್ತೆ ಸಿಗ್ನಲ್.

## 6. ಡಿಪೋ

ಎರಡೂ ಹಳಿಗಳ ಪಕ್ಕದಲ್ಲಿ, ಕತ್ತರಿಯಿಂದ ದೂರದಲ್ಲಿ, ಒಂದೊಂದು ಡಿಪೋ, ಅಂದರೆ ರೈಲು ಕೊಳ್ಳುವ, ಸರ್ವೀಸ್ ಮಾಡಿಸುವ ಶೆಡ್. ಹಳಿಗೆ ಮುಖಮಾಡಿ ಡಿಪೋ ಇಟ್ಟರೆ ಆಟ ತಾನೇ ಎರಡೂ ಕಡೆಗೆ ತಿರುವು ಜೋಡಿಸುತ್ತದೆ. ಅದನ್ನು ಕೀಳಬೇಡಿ. ಒಂದೇ ತಿರುವು ಉಳಿದರೆ ಡಿಪೋ ಹೊಕ್ಕ ರೈಲು ಬಂದ ದಾರಿಯಲ್ಲೇ ಹೊರಬರಬೇಕಾಗುತ್ತದೆ. ಎದುರಿಗೆ ಒನ್‌ವೇ ಸಿಗ್ನಲ್ಲಿನ ಬೆನ್ನು, ಅಲ್ಲಿಗೆ ಸಿಕ್ಕಿಬಿತ್ತು.

ಬ್ರೇಕ್‌ಡೌನ್ ಆನ್ ಇಟ್ಟು ಆಡುವವರಿಗೆ ಇದು ಇನ್ನೂ ಮುಖ್ಯ. ರೈಲುಗಳು 150 ದಿನಕ್ಕೊಮ್ಮೆ ಸರ್ವೀಸ್ ಹುಡುಕುತ್ತವೆ. ಹತ್ತಿರದಲ್ಲಿ ಡಿಪೋ ಇಲ್ಲದಿದ್ದರೆ ಪದೇ ಪದೇ ಕೆಟ್ಟು ನಿಂತು ಹಿಂದಿನವರನ್ನೂ ತಡೆಯುತ್ತವೆ.

## 7. ರೈಲು ಮತ್ತು ಆರ್ಡರ್

1950ರಲ್ಲಿ ಸಿಗುವ ಚೇನಿ ಜುಬಿಲಿ ಎಂಜಿನ್ ಗಂಟೆಗೆ 112 ಕಿ.ಮೀ. ಓಡುತ್ತದೆ, ಮೊದಲ ಮಾರ್ಗಕ್ಕೆ ಧಾರಾಳ ಸಾಕು. 64 ಕಿ.ಮೀ. ವೇಗದ ಕರ್ಬಿ ಪಾಲ್ ಟ್ಯಾಂಕ್ ಅಗ್ಗವೆಂದು ಕೊಳ್ಳಬೇಡಿ. ಒಂದು ನಿಧಾನದ ರೈಲು ಹಿಂದಿನವರನ್ನೆಲ್ಲ ತನ್ನ ವೇಗಕ್ಕೆ ಇಳಿಸುತ್ತದೆ.

ಒಂದು ಎಂಜಿನ್, 9 ಕಲ್ಲಿದ್ದಲು ವ್ಯಾಗನ್. ಪ್ರತಿಯೊಂದೂ ಅರ್ಧ ಚೌಕ, ಒಟ್ಟು ಸರಿಯಾಗಿ 5 ಚೌಕ. ಹತ್ತನೇ ವ್ಯಾಗನ್ ಸೇರಿಸಿದರೆ ಬಾಲ ಪ್ಲಾಟ್‌ಫಾರ್ಮಿನ ಹೊರಗೆ ಉಳಿಯುತ್ತದೆ, ಲೋಡಿಂಗ್ ನಿಧಾನವಾಗುತ್ತದೆ, ಬಾಯಿಯೂ ಮುಚ್ಚುತ್ತದೆ.

ಆರ್ಡರ್ ಎರಡೇ ಸಾಲು: ಗಣಿ ನಿಲ್ದಾಣಕ್ಕೆ ಹೋಗಿ ಫುಲ್ ಲೋಡ್ (ಪೂರ್ತಿ ತುಂಬುವವರೆಗೆ ಕಾಯುವುದು), ನಂತರ ಸ್ಥಾವರದ ನಿಲ್ದಾಣ. ಎರಡನೆಯದಕ್ಕೆ ಫುಲ್ ಲೋಡ್ ಹಾಕಬೇಡಿ. ಅಲ್ಲಿ ತುಂಬಿಕೊಳ್ಳಲು ಏನೂ ಸಿಗದು, ರೈಲು ಎಂದೆಂದಿಗೂ ಕಾಯುತ್ತದೆ. ಈ ಒಂದು ತಪ್ಪಿನಿಂದ ನಿಂತ ಮಾರ್ಗಗಳಿಗೆ ಲೆಕ್ಕವಿಲ್ಲ, ಆಟಗಾರರು ಮಾತ್ರ ಸಿಗ್ನಲ್ಲನ್ನೇ ಅಗೆಯುತ್ತಿರುತ್ತಾರೆ.

ಒಂದು ರೈಲು ಪೂರ್ತಿ ಸುತ್ತು ಬರಲಿ. ಹಣ ಬಂದದ್ದು ನೋಡಿದ ಮೇಲೆಯೇ ಎರಡನೆಯದು. ಅದನ್ನು ಕ್ಲೋನ್ ಮಾಡುವಾಗ ಕಂಟ್ರೋಲ್ ಒತ್ತಿ ಹಿಡಿಯಿರಿ, ಆರ್ಡರ್ ಎರಡಕ್ಕೂ ಹಂಚಿಕೆಯಾಗುತ್ತದೆ. ಮುಂದೆ ಒಂದರಲ್ಲಿ ಬದಲಿಸಿದರೆ ಎಲ್ಲದರಲ್ಲೂ ಬದಲಾಗುತ್ತದೆ.

## 8. ಎಷ್ಟು ರೈಲು ಸಾಕು?

ತಿಂಗಳಿಗೆ 120 ಟನ್ ಕೊಡುವ ಗಣಿ. ನಿಲ್ದಾಣದ ರೇಟಿಂಗ್, ಅಂದರೆ ಉತ್ಪಾದನೆಯಲ್ಲಿ ನಿಮ್ಮ ಪಾಲು, ಶೇ. 60 ಇದ್ದರೆ ನಿಮಗೆ ಸಿಗುವುದು ತಿಂಗಳಿಗೆ 72 ಟನ್. ಒಂದು ವ್ಯಾಗನ್‌ಗೆ 20 ಟನ್, 9 ವ್ಯಾಗನ್‌ಗೆ 180 ಟನ್. ಅಂದರೆ ಒಂದು ರೈಲು ತುಂಬಲು ಎರಡೂವರೆ ತಿಂಗಳು. 112 ಕಿ.ಮೀ. ವೇಗದಲ್ಲಿ ರೈಲು ದಿನಕ್ಕೆ ಹೆಚ್ಚುಕಡಿಮೆ 4 ಚೌಕ ಸಾಗುತ್ತದೆ, 80 ಚೌಕಕ್ಕೆ 20 ದಿನ. ಇಂಥ ಗಣಿಗೆ ಐದು ರೈಲು ಇಳಿಸಿದರೆ ಮೂರು ಯಾವಾಗಲೂ ಸಾಲಿನಲ್ಲೇ ನಿಂತಿರುತ್ತವೆ. ಅದು ಸಿಗ್ನಲ್ಲಿನ ತಪ್ಪಲ್ಲ, ಲೆಕ್ಕದ ತಪ್ಪು.

ಇಲ್ಲಿಗೆ ಎರಡು ರೈಲು ಸಾಕು. ಒಂದು ದಾರಿಯಲ್ಲಿದ್ದಾಗ ಇನ್ನೊಂದು ಗಣಿಯಲ್ಲಿ ತುಂಬುತ್ತಿರುತ್ತದೆ. ಯಾವುದಾದರೂ ರೈಲು ಸದಾ ತುಂಬಿಕೊಳ್ಳುತ್ತಿದ್ದರೆ ರೇಟಿಂಗ್‌ಗೆ ಅದೊಂದರಿಂದಲೇ ಶೇ. 51 ಸಿಗುತ್ತದೆ. ಉಳಿದದ್ದು ರೈಲಿನ ವೇಗ, ಅದರ ವಯಸ್ಸು, ರಾಶಿ ಬಿದ್ದಿರುವ ಸರಕು ಎಷ್ಟೆಂಬುದರ ಮೇಲೆ. ತಿಂಗಳ ಸಾಗಣೆಯನ್ನು ಶೇ. 60ರ ಮೇಲೆ ಇಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಸ್ಮೂತ್ ಎಕಾನಮಿ (ಉತ್ಪಾದನೆ ಸ್ವಲ್ಪ ಸ್ವಲ್ಪವಾಗಿ ಬದಲಾಗುವ ಸೆಟ್ಟಿಂಗ್) ಇದ್ದಾಗ ಗಣಿಯ ಉತ್ಪಾದನೆ ಬದಲಾಗುವ ಸಂದರ್ಭ ಬಂದಾಗ, 60ರ ಮೇಲಿದ್ದರೆ ಮೂರರಲ್ಲಿ ಎರಡು ಸಲ ಏರುತ್ತದೆ. ಕೆಳಗಿದ್ದರೆ ಮೂರರಲ್ಲಿ ಎರಡು ಸಲ ಇಳಿಯುತ್ತದೆ. ಗಣಿ ಬೆಳೆದು ನಿಲ್ದಾಣದಲ್ಲಿ 300 ಟನ್‌ಗಿಂತ ಹೆಚ್ಚು ರಾಶಿ ಬೀಳತೊಡಗಿದಾಗ ಮೂರನೇ ರೈಲು ಇಳಿಸಿ.

## 9. ಕಟ್ಟಿಕೊಂಡ ಮಾರ್ಗ ಬಿಡಿಸುವುದು

ರೈಲಿನ ಕಿಟಕಿಯ ಕೆಳಗೆ ‘ವೇಟಿಂಗ್ ಫಾರ್ ಫ್ರೀ ಪಾತ್’ ಎಂದಿದ್ದರೆ ಮುಂದಿನ ದಾರಿಯನ್ನು ಬೇರೆ ರೈಲು ಹಿಡಿದಿದೆ. ರೈಲು ದಾರಿ ತಪ್ಪಿದೆ ಎಂಬ ಸುದ್ದಿ ಬಂದರೆ ಎಲ್ಲೋ ಹಳಿ ಕೂಡಿಲ್ಲ ಅಥವಾ ಒನ್‌ವೇ ಸಿಗ್ನಲ್ ತಿರುಗಿದೆ. ಇವೆರಡರ ಮದ್ದು ಬೇರೆ ಬೇರೆ, ಬೆರೆಸಬೇಡಿ.

ಮೊದಲು ಆಟ ಸೇವ್ ಮಾಡಿ. ಸಾಲಿನ ಕೊನೆಯ ರೈಲನ್ನಲ್ಲ, ತಲೆಯಲ್ಲಿ ನಿಂತದ್ದನ್ನು ಹುಡುಕಿ. ಗಾಢ ಬಣ್ಣದ ಹಳಿ ಹಿಡಿದು ಹೋದರೆ ಅದರ ದಾರಿಗೆ ಯಾರು ಅಡ್ಡ ಎಂಬುದು ಕಾಣುತ್ತದೆ. ಎರಡು ರೈಲು ಮುಖಾಮುಖಿಯಾಗಿದ್ದರೆ, ಯಾವುದರ ಹಿಂದೆ ಜಾಗವಿದೆಯೋ ಅದನ್ನು ತಿರುಗಿಸುವ ಬಟನ್ ಒತ್ತಿ ಹಿಂದಕ್ಕೆ ಕಳಿಸಿ, ಹತ್ತಿರದ ಡಿಪೋಗೆ ಸೇರಿಸಿ. ಸಿಗ್ನಲ್ ಕಡೆಗಣಿಸಿ ಮುನ್ನುಗ್ಗಿಸುವ ಬಟನ್ ಕೂಡ ಇದೆ. ಮುಂದಿನ ಹಳಿ ಪೂರ್ತಿ ಖಾಲಿಯಿದೆ ಎಂದು ಕಣ್ಣಾರೆ ನೋಡದೆ ಅದನ್ನು ಮುಟ್ಟಬೇಡಿ, ಡಿಕ್ಕಿಯಾದರೆ ಎರಡೂ ರೈಲು ಹೋಗುತ್ತವೆ. ದಾರಿ ತೆರೆದ ಮೇಲೆ ತಪ್ಪು ಸಿಗ್ನಲ್ ಕೀಳದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಅದೇ ಗಂಟು ಮತ್ತೆ ಬೀಳುತ್ತದೆ.

## 10. ಊರು ಬೆಳೆಸುವುದು

ಊರು ಬೆಳೆಯಲು ರಾಶಿ ರಾಶಿ ಪ್ರಯಾಣಿಕರನ್ನು ಸಾಗಿಸಬೇಕು ಎಂಬುದು ತಪ್ಪು ತಿಳಿವಳಿಕೆ. ಆಟ ನೋಡುವುದು ಊರಿನ ವ್ಯಾಪ್ತಿಯಲ್ಲಿ ಎಷ್ಟು ನಿಲ್ದಾಣಗಳು ಚಾಲ್ತಿಯಲ್ಲಿವೆ ಎಂಬುದನ್ನು. ಕಳೆದ 50 ದಿನದಲ್ಲಿ ಯಾವುದಾದರೂ ಗಾಡಿ ಅಲ್ಲಿ ಹತ್ತಿಸಿಕೊಂಡಿದ್ದರೆ ಅಥವಾ ಇಳಿಸಿದ್ದರೆ ಅದು ಚಾಲ್ತಿ. 5 ನಿಲ್ದಾಣದವರೆಗೆ ಬೆಳವಣಿಗೆಯ ವೇಗ ಏರುತ್ತದೆ, ಆರನೆಯದರಿಂದ ಹೆಚ್ಚುವರಿ ಲಾಭವಿಲ್ಲ.

ಅಗ್ಗದ ದಾರಿ: ಊರೊಳಗಿನ ನೇರ ರಸ್ತೆಗಳ ಮೇಲೆ ಐದು ಕಡೆ ಬಸ್ ಸ್ಟಾಪ್, ಐದನ್ನೂ ಸುತ್ತುವ ಎರಡು ಮೂರು ಬಸ್, ಫುಲ್ ಲೋಡ್ ಇಲ್ಲ. ಸ್ಟಾಪ್‌ಗಳು ಅಕ್ಕಪಕ್ಕದಲ್ಲಿದ್ದರೆ ಕೂಡಿಕೊಂಡು ಒಂದೇ ನಿಲ್ದಾಣವಾಗುತ್ತವೆ. ಪ್ರತಿಯೊಂದಕ್ಕೂ ಬೇರೆ ಹೆಸರು ಕಾಣುತ್ತಿದೆಯೇ ಎಂದು ನೋಡಿ. ಮನೆಗಳಿಲ್ಲದ ಅಂಚಿನಲ್ಲಿ ಸ್ಟಾಪ್ ಇಟ್ಟರೆ ಅಲ್ಲಿ ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ, ಬಸ್ ನಿಂತು ಹೊರಟರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಐದೂ ಚಾಲ್ತಿಗೆ ಬಂದ ಮೇಲೆ, ಕೈಯಲ್ಲಿ ದುಡ್ಡಿದ್ದರೆ, ಊರಿನ ಕಿಟಕಿಯಿಂದ ಹೊಸ ಕಟ್ಟಡಗಳಿಗೆ ಹಣ ಕೊಡಬಹುದು. ಅದರ ಪ್ರಭಾವ ಮೂರು ತಿಂಗಳು. ಸಬ್‌ಆರ್ಕ್ಟಿಕ್ ನಕ್ಷೆಯಲ್ಲಿ ಹಿಮರೇಖೆಯ ಮೇಲಿನ ಊರು 90 ಜನರನ್ನು ದಾಟಿದ ಮೇಲೆ ಪ್ರತಿ ತಿಂಗಳೂ ಸ್ವಲ್ಪವಾದರೂ ಆಹಾರ ತಲುಪದಿದ್ದರೆ ಬೆಳೆಯುವುದೇ ಇಲ್ಲ. ಸಬ್‌ಟ್ರಾಪಿಕಲ್‌ನ ಮರುಭೂಮಿಯ ಊರಿಗೆ ಈ ಮಿತಿ 60 ಜನ, ಬೇಕಾದ್ದು ಆಹಾರ ಮತ್ತು ನೀರು ಎರಡೂ.

ಹಳಿಯನ್ನು ಊರ ರಸ್ತೆಯ ಮೇಲೆ ಅಡ್ಡ ಹಾಯಿಸಬೇಡಿ. ಲೆವೆಲ್ ಕ್ರಾಸಿಂಗ್‌ನಲ್ಲಿ ರೈಲು ಬಸ್ಸಿಗೆ ಗುದ್ದಿದರೆ ಬಸ್ಸೂ ಹೋಯಿತು, ಒಳಗಿದ್ದವರೂ ಹೋದರು. ಒಂದು ಸೇತುವೆಯ ಖರ್ಚು ಅದರ ಮುಂದೆ ಏನೂ ಅಲ್ಲ. ಊರ ಸುತ್ತ ಹಳಿಯ ಬೇಲಿಯನ್ನೂ ಹಾಕಬೇಡಿ, ರಸ್ತೆ ಹರಡಲು ಕನಿಷ್ಠ ಎರಡು ದಿಕ್ಕು ತೆರೆದಿರಲಿ.

ಇಷ್ಟೆಲ್ಲ ಮಾಡುವಾಗ ಮರ ಕಡಿದು, ಮನೆ ಒಡೆದು ದಾರಿ ಮಾಡಿದ್ದರೆ ಸ್ಥಳೀಯ ಆಡಳಿತ ಮುನಿದು, ನಿಲ್ದಾಣ ಕಟ್ಟಲು ಬಿಡುವುದಿಲ್ಲ ಎನ್ನುತ್ತದೆ. ಲಂಚದ ಬಟನ್ ಒತ್ತಬೇಡಿ, ಸಿಕ್ಕಿಬಿದ್ದರೆ ಇದ್ದ ಹೆಸರೂ ಹೋಗುತ್ತದೆ. ಊರ ಸುತ್ತಲಿನ ಖಾಲಿ ಚೌಕಗಳಲ್ಲಿ ಮರ ನೆಡಿ. ನೆಟ್ಟಂತೆ ಊರಿನ ಕಿಟಕಿಯಲ್ಲಿ ನಿಮ್ಮ ಹೆಸರಿನ ಮುಂದಿರುವ ರೇಟಿಂಗ್ ಏರುತ್ತಾ ಹೋಗುತ್ತದೆ. ಅನುಮತಿ ಸಿಗುವ ಮಟ್ಟಕ್ಕೆ ಬಂದ ಕೂಡಲೇ ಮೊದಲು ನಿಲ್ದಾಣ ಕಟ್ಟಿ, ಉಳಿದ ಒಡೆಯುವ ಕೆಲಸ ಆಮೇಲೆ.